ಚೀಟಿ ಹರಿದವಳು

ಇದು ನನ್ನ ಪಕ್ಕದ ಮನೆಯ ಡಿಂಪ್ನಾಗೆ ಆದದ್ದು. ಅವರಿವರು ಹೇಳಿದ್ದಲ್ಲ, ಅವಳ ಬಾಯಿಂದಲೇ ಬಂದದ್ದು. ಒಲೆಯ ಮುಂದೆ ಕೂತು ಒಂದು ರಾತ್ರಿ ಹೇಳಿದಳು, ಒಂದೇ ಸಲ. ಎರಡನೇ ಸಲ ಕೇಳಲು ನನಗೂ ಮನಸ್ಸು ಬರಲಿಲ್ಲ.

ನವೆಂಬರ್ ತಿಂಗಳು. ಐರ್ಲೆಂಡಿನ ಪಡುವಣ ದಂಡೆಯಲ್ಲಿ ಆಗ ನಾಲ್ಕೂವರೆಗೇ ಕತ್ತಲು. ಡಿಂಪ್ನಾ ಹಾಸಿಗೆ ಹಿಡಿದ ಮುದುಕಿಯೊಬ್ಬಳ ಆರೈಕೆ ಮುಗಿಸಿ ತನ್ನ ಊರು ಕಿಲ್ಲಶೀನ್‌ಗೆ ನಡೆದು ಬರುತ್ತಿದ್ದಳು. ಐದು ದಾಟಿತ್ತು. ದಾರಿಯಲ್ಲಿ ಒಂದು ಬಾವಿ. ಸಂತನ ಬಾವಿ ಅನ್ನುತ್ತಾರೆ. ಪಕ್ಕದ ಮುಳ್ಳುಮರದ ತುಂಬ ಹರಕೆಯ ಚಿಂದಿ. ಆ ಸಂಜೆ ಬಾವಿಯ ಹತ್ತಿರ ಏನೂ ಆಗಲಿಲ್ಲ. ಯಾಕೆ ಹೇಳುತ್ತೇನೆಂದರೆ, ಆಮೇಲೆ ಊರಿನ ಅರ್ಧ ಜನ ತಪ್ಪನ್ನು ಆ ಬಾವಿಯ ಮೇಲೆ ಹೊರಿಸಿದರು. ಪಾಪದ ಬಾವಿ, ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಬಾವಿ ದಾಟಿದರೆ ದೋಣಿ ಇಳಿಸುವ ಇಳಿಜಾರು. ಅಜ್ಜಂದಿರ ಕಾಲದ ಸಿಮೆಂಟು. ಒಂದು ಕಾರು ತನ್ನ ಬೆನ್ನಿಗೆ ಟ್ರೇಲರ್ ಕಟ್ಟಿಕೊಂಡು ಹಿಮ್ಮುಖವಾಗಿ ಇಳಿಯುವಷ್ಟೇ ಅಗಲ. ಕೆಳಗಡೆ ಹಸಿರು ಪಾಚಿ, ಕಾಲಿಟ್ಟರೆ ಸೀದಾ ಅಮೆರಿಕಾ. ಉಬ್ಬರದ ಆಚೆ ಎರಡು ಗಂಟೆ, ಈಚೆ ಎರಡು ಗಂಟೆ ಬಿಟ್ಟರೆ ಉಳಿದ ಹೊತ್ತಿನಲ್ಲಿ ಅದು ಯಾವ ಕೆಲಸಕ್ಕೂ ಬಾರದು. ಟ್ರೇಲರ್ ನಿಲ್ಲಿಸಲು ಸ್ಮಶಾನದ ಗೋಡೆಗೆ ಒತ್ತಿಕೊಂಡು ಆರೇ ಆರು ಜಾಗ. ಬೇಸಿಗೆಯಲ್ಲಿ ಹೊರಗಿನವರು ದೋಣಿ ಎಳೆದುಕೊಂಡು ಬಂದು, ಕಿಟಕಿ ಇಳಿಸಿ, "ಇಲ್ಲಿ ಅನುಕೂಲದ ಇಳಿಜಾರು ಎಲ್ಲಿದೆ?" ಅಂತ ಕೇಳಿದರೆ ಊರವರು ಹದಿನಾಲ್ಕು ಮೈಲಿ ಆಚೆಯ ಹೊಸ ಬಂದರಿಗೆ ಕಳಿಸುತ್ತಾರೆ. ಅಲ್ಲಿ ನಲವತ್ತು ಟ್ರೇಲರಿಗೆ ಜಾಗ, ದೀಪದ ಕಂಬ, ಕಕ್ಕಸು, ಎಲ್ಲ ಉಂಟು. ಸುಳ್ಳಲ್ಲ. ನಾನು ನಾಲ್ಕಾರು ದೇಶದ ದಂಡೆಗಳಲ್ಲಿ ಇದೇ ಪ್ರಶ್ನೆ ಕೇಳಿದ್ದೇನೆ. ಎಲ್ಲರೂ ನನ್ನನ್ನು ತಮ್ಮ ಊರಿನಿಂದ ಆದಷ್ಟು ದೂರಕ್ಕೇ ಕಳಿಸಿದ್ದಾರೆ.

ಆ ಬೆಳಿಗ್ಗೆ ಡಿಂಪ್ನಾ ತನ್ನ ತಮ್ಮ ಫೆಸ್ಟಿಗೂ ಅದನ್ನೇ ಹೇಳಿದ್ದಳು. ಚಳಿಗಾಲದ ಬಿರುಗಾಳಿ ಶುರುವಾಗುವ ಮೊದಲು ಕೊನೆಯ ಏಡಿ ಬುಟ್ಟಿಗಳನ್ನು ಕಡಲಿನಿಂದ ಎತ್ತಿ ತರಬೇಕಿತ್ತು. ಫೆಸ್ಟಿ, ಅವನ ಜೊತೆಗಾರ ಕೋಲಿ, ಇಬ್ಬರೂ ದೋಣಿಯ ಹಗ್ಗ ಬಿಚ್ಚುತ್ತಿದ್ದರು.

"ಹೊಸ ಬಂದರಿಗೆ ಹೋಗೋ. ಈ ಪಾಚಿ ಮೇಲೆ ಜಾರಿ ಸೊಂಟ ಮುರ್ಕೋತೀಯ."

"ಅಲ್ಲಿ ನಲವತ್ತು ಟ್ರೇಲರ್ ನಿಂತಿರ್ತವೆ ಅಕ್ಕಾ. ಯಾರದು ಖಾಲಿ, ಯಾರು ಬಂದ್ರು, ಯಾರು ಬರಲಿಲ್ಲ, ಕೇಳೋರು ಯಾರು? ಇಲ್ಲಾದ್ರೆ ಎಣಿಸೋಕೆ ನೀನಿದೀಯ."

"ನನಗೆ ಬೇರೆ ಕೆಲಸ ಇಲ್ವಾ?"

"ಇದೆಯಲ್ಲ, ನನ್ನ ಬೈಯೋದು. ಹೆಂಗೂ ಸಂಜೆ ಅದಕ್ಕೆ ಬರ್ತೀಯ. ಎಣಿಸ್ಕೊಂಡು ಹೋಗು."

ಕೋಲಿ ನಕ್ಕ. "ಎಣಿಸೋದು ಸರಿ ಮಾರಾಯ. ನಿಮ್ಮಕ್ಕನ ಕೈಗೆ ಟ್ರೇಲರ್ ಮಾತ್ರ ಕೊಡಬೇಡ. ಹೋದ ಸಲ ಸ್ಮಶಾನದ ಗೇಟಿಗೇ ರಿವರ್ಸ್ ಹಾಕಿದ್ಲು."

"ನಿನಗೊಂದು ಜಾಗ ನೋಡೋಕೆ ಹೋಗಿದ್ದೆ ಕಣೋ," ಅಂದಳು ಡಿಂಪ್ನಾ. ಮೂವರೂ ನಕ್ಕರು.

ಕಿಲ್ಲಶೀನ್‌ನ ಪದ್ಧತಿ ಹೀಗೆ. ದೋಣಿ ಇಳಿಸಿದವರು ಕಾರಿನ ವೈಪರ್ ಕೆಳಗೆ ಒಂದು ಚೀಟಿ ಸಿಕ್ಕಿಸಬೇಕು. ಎಷ್ಟು ಜನ, ಎಷ್ಟು ಹೊತ್ತಿಗೆ ವಾಪಸು. ಕಾರಿನ ಕೀಲಿ ಮುಂದಿನ ಚಕ್ರದ ಮೇಲೆ. ಜಾಗ ಇಕ್ಕಟ್ಟು ನೋಡಿ, ಯಾರ ಕಾರನ್ನು ಯಾರು ಬೇಕಾದರೂ ಸರಿಸಬೇಕಾದೀತು. ದೋಣಿ ವಾಪಸು ಬಂದಾಗ ದಡದಲ್ಲಿ ಯಾರಿದ್ದರೂ ಸರಿ, ಆ ಕೀಲಿ ತೆಗೆದು, ಟ್ರೇಲರನ್ನು ನೀರಿಗೆ ಇಳಿಸಿಕೊಡುತ್ತಾರೆ. ಕತ್ತಲಾದ ಮೇಲೆ ಖಾಲಿ ಟ್ರೇಲರ್ ಎಣಿಸಲು ದಿನಕ್ಕೊಂದು ಮನೆಯ ಪಾಳಿ. ಎಷ್ಟು ಖಾಲಿಯೋ ಅಷ್ಟು ದೋಣಿ ಇನ್ನೂ ನೀರಿನ ಮೇಲೆ ಅಂತ ಅರ್ಥ. ಚೀಟಿಯಲ್ಲಿ ಬರೆದ ಹೊತ್ತಿನ ಮೇಲೆ ಒಂದು ಗಂಟೆ ಕಾಯುವುದು. ಬರಲಿಲ್ಲವೋ, ರಕ್ಷಣಾ ದೋಣಿಯವರಿಗೆ ಫೋನು. ಬಂದರೋ, ಚೀಟಿ ಹರಿದು, ಹರಿದೆ ಅಂತ ಕೂಗಿ ಹೇಳುವುದು. ಚೀಟಿ ಹರಿದರೆ ಮನೆ ಸೇರಿದ ಲೆಕ್ಕ. ಆಮೇಲೆ ಯಾರೂ ಯಾರನ್ನೂ ಹುಡುಕುವುದಿಲ್ಲ.

ಆ ಸಂಜೆ ಡಿಂಪ್ನಾಳ ಪಾಳಿ.

ಐದೂ ಇಪ್ಪತ್ತು. ಗೋಡೆಯ ಪಕ್ಕ ಒಂದೇ ಒಂದು ಖಾಲಿ ಟ್ರೇಲರ್. ಫೆಸ್ಟಿಯದು. ಬ್ಯಾಟರಿ ಹಾಕಿ ಚೀಟಿ ನೋಡಿದಳು. ಕೋಳಿ ಕೆದರಿದಂಥ ಅಕ್ಷರ. "ಇಬ್ಬರು. ಐದು ಗಂಟೆ."

ಇಪ್ಪತ್ತು ನಿಮಿಷ ತಡ. ಅದೇನು ದೊಡ್ಡದಲ್ಲ. ಕಲ್ಲಿನ ಮೇಲೆ ಕೂತಳು. ನೀರಿನ ಮೇಲೆ ಸೊಂಟದೆತ್ತರ ಮಂಜು. ಇಳಿತ ಶುರುವಾಗಿತ್ತು. ಕಲ್ಲಿನ ಸಂದಿಯಿಂದ ನೀರು ಹಿಂದೆ ಹೋಗುವ ಸದ್ದು... ಚುಳ್... ಚುಳ್... ಸ್ಮಶಾನದ ಒಳಗೆಲ್ಲೋ ತಗಡಿನ ಡಬ್ಬಿಯೊಂದು ಟಿಣ್ ಅಂದಿತು. ಮತ್ತೆ ಏನೂ ಇಲ್ಲ.

ಐದೂ ನಲವತ್ತು.

ಟುಕ್... ಟುಕ್... ಟುಕ್...

ಇಂಜಿನ್ನು. ಎದ್ದು ನಿಂತಳು. ಹಗುರಾಯಿತು ಮನಸ್ಸು. ಸದ್ದು ಹತ್ತಿರ ಬಂತು, ನಿಂತಿತು. ಆಮೇಲೆ ದೋಣಿಯ ಹೊಟ್ಟೆ ಸಿಮೆಂಟಿಗೆ ಉಜ್ಜಿದ್ದು... ಕರ್‌ರ್‌ರ್...

"ಫೆಸ್ಟೀ?"

ಉತ್ತರ ಪಿಸುಮಾತಿನಲ್ಲಿ ಬಂತು. ಚಳಿಗೆ ದವಡೆ ಕಟ್ಟಿದವರು ಮಾತಾಡುವ ಹಾಗೆ.

"ತಾ..."

"ಟ್ರೇಲರ್ ತಂದೆ, ಇರೋ. ನಗಬೇಡಿ ಮತ್ತೆ ಇಬ್ಬರೂ."

ಚಕ್ರದ ಮೇಲಿನ ಕೀಲಿ ತೆಗೆದಳು. ಕಾರು ಹತ್ತಿ, ಕಿಟಕಿ ಇಳಿಸಿ, ರಿವರ್ಸ್ ಹಾಕಿದಳು. ಇದನ್ನು ಹೇಳುವಾಗ ಅವಳಿಗೆ ಒಂದು ಥರಾ ನಗು ಬಂತು. ಯಾಕೆಂದರೆ ಅವಳ ಜನ್ಮದಲ್ಲಿ ಟ್ರೇಲರ್ ಯಾವತ್ತೂ ನೆಟ್ಟಗೆ ಹಿಂದೆ ಹೋದದ್ದಿಲ್ಲ. ಈಕಡೆ ತಿರುಗಿಸಿದರೆ ಅದು ಆಕಡೆ. ಆ ಸಂಜೆ ಮಾತ್ರ ಗೆರೆ ಎಳೆದ ಹಾಗೆ ಇಳಿಯಿತು. ಹಿಂದಿನಿಂದ ದನಿ ದಾರಿ ಹೇಳುತ್ತಿತ್ತು.

"ಬಾ... ಬಾ... ಇನ್ನೂ ಬಾ..."

ಹೊಗೆ ಕೊಳವೆ ನೀರಿಗೆ ತಾಗಿ ಗುಳುಗುಳು ಅಂದಿತು.

"ಸಾಕು."

ಬ್ರೇಕು ಹಿಡಿದು ಕೂತಳು. ದೋಣಿಯನ್ನು ಮೇಲೆಳೆಯುವ ಟ್ರೇಲರಿನ ರಾಟೆ ತಿರುಗುವ ಸದ್ದು. ಕಟಕ್... ಕಟಕ್... ಕಟಕ್... ಕಾರಿನ ಹಿಂಭಾಗ ಕುಸಿಯಿತು, ಭಾರ ಬಿದ್ದರೆ ಕುಸಿಯುವ ಹಾಗೆಯೇ. ಆಚೆ ನೀರಿನ ಕಡೆ ಯಾವುದೋ ಹಕ್ಕಿ ಸಿಳ್ಳೆ ಹಾಕಿತು. ಮಂಜು ಬಿದ್ದ ದಿನ ದಡದ ಹಕ್ಕಿಗಳು ಹಾಗೆ ಕೂಗುವುದುಂಟು. ಪೀ... ಪೀ... ಪೀ... ಮೂರು ಸಲ.

ಕಾರಿನ ಬೆನ್ನಿಗೆ ಎರಡು ಏಟು ಬಿತ್ತು. ಧಪ್. ಧಪ್. ಎಳೆ ಅಂತ ಅರ್ಥ. ಎಲ್ಲರೂ ಹಾಗೇ ಬಡಿಯುವುದು.

ಎಳೆದಳು. ಪಾಚಿಯ ಮೇಲೆ ಚಕ್ರ ಒಮ್ಮೆ ಸುಮ್ಮನೆ ತಿರುಗಿ, ಹಿಡಿತ ಸಿಕ್ಕಿ, ಕ್ಲಚ್ಚು ಸುಟ್ಟ ವಾಸನೆ ಬಂತು. ಭಾರದ ದೋಣಿ ಎಳೆದರೆ ಬರುವಂಥದ್ದೇ. ಗೋಡೆಯ ಪಕ್ಕ ನಿಲ್ಲಿಸಿ, ಕೆಳಗಿಳಿದು ಹಿಂದೆ ಹೋದಳು. ಕೆಂಪು ದೀಪದ ಬೆಳಕು. ಟ್ರೇಲರಿನ ಮೇಲೆ ದೋಣಿ. ದೋಣಿಯೊಳಗೆ ಇಬ್ಬರು, ತಲೆಗೆ ಟೋಪಿ ಎಳೆದುಕೊಂಡು, ಪಕ್ಕಪಕ್ಕ. ನೀರು ಸೋರುತ್ತಿತ್ತು... ತೊಟ್... ತೊಟ್...

"ಪಾಚಿಗೆ ಹೆದರಿ ಕೂತೇ ಬಂದ್ರಾ, ಮಹಾರಾಜರು?"

ಇಬ್ಬರೂ ಇಳಿದರು.

"ಎಷ್ಟು ಬುಟ್ಟಿ ಸಿಕ್ಕವೋ?"

ಮಾತಿಲ್ಲ. ಬೆಳಗಿನ ತಮಾಷೆಗೆ ಮುನಿಸೋ, ಚಳಿಯೋ. ಆಮೇಲೆ ಒಬ್ಬ, ಯಾರೆಂದು ತಿಳಿಯಲಿಲ್ಲ, ಮೆಲ್ಲಗೆ ಅಂದ.

"ನೀನು ಮನೆಗೆ ಹೋಗು."

ಕೀಲಿ ಚಕ್ರದ ಮೇಲಿಟ್ಟಳು. ವೈಪರ್ ಕೆಳಗಿನ ಚೀಟಿ ಎಳೆದು ಎರಡು ಹೋಳು ಮಾಡಿದಳು. ಪರ್‍... ಕೋಟಿನ ಜೇಬಿಗೆ ಹಾಕಿಕೊಂಡಳು.

"ಚೀಟಿ ಹರಿದೆ ಕಣ್ರೋ!" ಅಂತ ಕೂಗಿದಳು. ಮನೆಗೆ ಹೋದಳು.

ಏಳು ಗಂಟೆಗೆ ಕೋಲಿಯ ಹೆಂಡತಿ ಅಟ್ರಾಕ್ಟಾಳ ಫೋನು.

"ಡಿಂಪ್ನಾ, ನಮ್ಮೋರು ಬಂದ್ರೇನೇ?"

"ಆಗಲೇ. ನಾನೇ ಎಳೆದು ಹಾಕಿದೆ. ನೆಟ್ಟಗೆ ರಿವರ್ಸ್ ಹಾಕಿದೀನಿ, ಕೇಳು ಬೇಕಾದ್ರೆ ನಿನ್ನ ಗಂಡನ್ನ."

"ಚೀಟಿ?"

"ಹರಿದೆ ಕಣೇ."

"ಹಾಗಾದ್ರೆ ಪಬ್‌ನಲ್ಲಿ ಬಿದ್ದಿರ್ತಾರೆ. ಕೊನೇ ಬುಟ್ಟಿ ತಂದ ದಿನ ಅಲ್ವಾ. ಬರಲಿ, ಸಾರು ತಣ್ಣಗಾದ್ರೆ ತಣ್ಣಗಿನದೇ ತಿನ್ನಲಿ."

ಹತ್ತು ಗಂಟೆಗೆ ಮತ್ತೆ ಫೋನು. ಈ ಸಲ ಅಟ್ರಾಕ್ಟಾ ಪಬ್‌ನ ಬಾಗಿಲಿಂದ ಮಾತಾಡುತ್ತಿದ್ದಳು.

"ಡಿಂಪ್ನಾ... ಇವರು ಇಲ್ಲಿಗೆ ಬಂದೇ ಇಲ್ವಂತೆ."

ಇಬ್ಬರೂ ಇಳಿಜಾರಿಗೆ ಓಡಿದರು. ಕಾರು ಅಲ್ಲೇ ಇತ್ತು. ಕೀಲಿ ಚಕ್ರದ ಮೇಲೆ ಹಾಗೇ ಇತ್ತು. ಟ್ರೇಲರ್ ಖಾಲಿ. ಡಿಂಪ್ನಾ ಅದರ ಹಲಗೆ ಮುಟ್ಟಿ ನೋಡಿದಳು. ಒಣಕಲು. ದಿನವಿಡೀ ನೀರೇ ಕಾಣದ ಹಾಗೆ. ದೋಣಿಯ ಮೂತಿ ಹಿಡಿಯುವ ರಾಟೆಯ ಪಟ್ಟಿ ಮಾತ್ರ ಪೂರಾ ಸುತ್ತಿ ಬಿಗಿದಿತ್ತು. ಬೆರಳು ತಾಗಿಸಿದರೆ ತಂತಿಯ ಹಾಗೆ ಮಿಡಿಯಿತು. ಕೊಕ್ಕೆ ಯಾವುದಕ್ಕೂ ಸಿಕ್ಕಿರಲಿಲ್ಲ.

"ನೀನು ಎಳೆದೆ ಅಂದೆ," ಅಂದಳು ಅಟ್ರಾಕ್ಟಾ.

"ಎಳೆದೆ."

"ಯಾರನ್ನ?"

ಅಟ್ರಾಕ್ಟಾ ಫೆಸ್ಟಿಯ ಫೋನಿಗೆ ಕರೆ ಮಾಡಿದಳು. ಅದು ಅವರ ಪಕ್ಕದಲ್ಲೇ, ಕಾರಿನೊಳಗಿನ ಪೆಟ್ಟಿಗೆಯಲ್ಲಿ ರಿಂಗಾಯಿತು. ಒದ್ದೆಯಾದೀತು ಅಂತ ಬಿಟ್ಟು ಹೋಗಿದ್ದ. ಇಬ್ಬರು ಹೆಂಗಸರೂ ಅದು ತಾನಾಗಿ ನಿಲ್ಲುವವರೆಗೂ ಕೇಳುತ್ತಾ ನಿಂತರು. ಕೋಲಿಗೆ ಫೋನೇ ಇರಲಿಲ್ಲ.

ಹತ್ತೂಕಾಲಿಗೆ ರಕ್ಷಣಾ ದೋಣಿಯವರಿಗೆ ಸುದ್ದಿ ಹೋಯಿತು. ಆರಕ್ಕೆ ಹೋಗಬೇಕಾದ ಸುದ್ದಿ. ಬಂದವರು ಕೇಳಿದ ಮೊದಲ ಪ್ರಶ್ನೆ, ಚೀಟಿ ಏನಾಯ್ತು ಅಂತ. ಡಿಂಪ್ನಾ ಜೇಬಿನಿಂದ ಎರಡು ಹೋಳು ತೆಗೆದು ಅವರ ಕೈಗಿಟ್ಟಳು. ಮಾಡಲಿಕ್ಕೆ ಅವಳಿಗೆ ಬೇರೆ ಏನಿತ್ತು? ರಾತ್ರಿಯಿಡೀ ಇಳಿಜಾರಿನ ತುದಿಯಲ್ಲಿ ಕಾರಿನ ದೀಪ ಹಾಕಿಕೊಂಡು ಕೂತಳು. ಬ್ಯಾಟರಿ ಸತ್ತು ದೀಪ ಆರಿದ ಮೇಲೂ ಕೂತಳು.

ಬೆಳಿಗ್ಗೆ ಒಂಬತ್ತಕ್ಕೆ, ಒಂಬತ್ತು ಮೈಲಿ ಆಚೆ ದೋಣಿ ಸಿಕ್ಕಿತು. ಫೆಸ್ಟಿ ಬದುಕಿದ್ದ. ಕೋಲಿ ಇರಲಿಲ್ಲ. ಅಂದರೆ ದೋಣಿಯಲ್ಲೇ ಇದ್ದ, ಫೆಸ್ಟಿಯ ತೊಡೆಯ ಮೇಲೆ ತಲೆಯಿಟ್ಟು. ಚಳಿ ಅವನನ್ನು ನಸುಕಿನಲ್ಲೇ ಮುಗಿಸಿತ್ತು.

ಮೂರು ದಿನದ ಮೇಲೆ ಆಸ್ಪತ್ರೆಯಲ್ಲಿ ಫೆಸ್ಟಿ ಬಾಯಿ ಬಿಟ್ಟ. ಡಿಂಪ್ನಾ ಹಾಸಿಗೆಯ ಪಕ್ಕ ಕೂತಿದ್ದಳು. ಅವನು ಅವಳ ಮುಖ ನೋಡದೆ ಕೇಳಿದ.

"ಅಕ್ಕಾ... ಯಾರನ್ನ ಹತ್ತಿಸ್ಕೊಂಡೆ?"

ಅವಳು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡಳು. ಅವನೇ ಮುಂದುವರಿಸಿದ.

"ದಡದಿಂದ ಐವತ್ತು ಗಜ ಇರಲಿಲ್ಲ ನಾವು. ಬುಟ್ಟಿ ಹಗ್ಗ ಇಂಜಿನ್ನಿನ ಫ್ಯಾನಿಗೆ ಸುತ್ಕೊಂಡು ಇಂಜಿನ್ ನಿಂತುಬಿಡ್ತು. ಹುಟ್ಟು ಒಂದೇ ಇತ್ತು. ಇಳಿತ ಎಳೀತಿತ್ತು. ಆಗ ನಿನ್ನ ಕೆಂಪು ದೀಪ ಕೆಳಗೆ ಬಂತು. ಕೋಲಿ ನಕ್ಕ. 'ನೋಡೋ, ನಿಮ್ಮಕ್ಕ ನೆಟ್ಟಗೆ ಬರ್ತಿದಾಳೆ' ಅಂದ."

"ಇಂಜಿನ್ ಸದ್ದು ಕೇಳ್ತಲ್ಲೋ ನನಗೆ..."

"ಯಾವ ಸದ್ದೂ ಇರಲಿಲ್ಲ ಅಕ್ಕಾ. ನಮ್ಮ ಎಡಗಡೆಯಿಂದ ಒಂದು ದೋಣಿ ಹೋಯ್ತು. ನಮ್ಮದರಷ್ಟೇ ಇತ್ತು. ದೀಪ ಇಲ್ಲ, ಹುಟ್ಟು ಇಲ್ಲ, ನೀರು ಅಲ್ಲಾಡಲೂ ಇಲ್ಲ. ಇಬ್ಬರು ಕೂತಿದ್ರು. ಸೀದಾ ಹೋಗಿ ನಿನ್ನ ಟ್ರೇಲರ್ ಹತ್ತಿದ್ರು. ಕೂಗಿದ್ವಿ. ಗಂಟಲು ಹರಿಯೋ ಹಾಗೆ ಕೂಗಿದ್ವಿ. ಆಮೇಲೆ ನಾನು ಸೀಟಿ ಊದಿದೆ."

"ಎಷ್ಟು ಸಲ?" ಕೇಳಿದಳು ಡಿಂಪ್ನಾ. ಉತ್ತರ ಅವಳಿಗೆ ಗೊತ್ತಿತ್ತು.

"ಮೂರು."

ಹೊರಗೆ ಓಣಿಯಲ್ಲಿ ಊಟದ ಗಾಡಿ ಹೋಯಿತು. ಅದರ ಒಂದು ಚಕ್ರ ಕಿರ್ರ್ ಕಿರ್ರ್ ಅನ್ನುತ್ತಿತ್ತು.

"ನೀನು 'ಚೀಟಿ ಹರಿದೆ ಕಣ್ರೋ' ಅಂದದ್ದು ನಮಗೆ ಕೇಳ್ತು ಅಕ್ಕಾ," ಅಂದ ಫೆಸ್ಟಿ. "ಅಷ್ಟು ದೂರಕ್ಕೆ, ಸ್ಪಷ್ಟವಾಗಿ. ಅದು ಕೇಳಿದ ಮೇಲೆ ಕೋಲಿ ಕೂಗೋದು ನಿಲ್ಲಿಸಿದ. 'ಇನ್ನು ಯಾರೂ ಬರಲ್ಲ' ಅಂದ. ಚಾಕು ಹಲ್ಲಲ್ಲಿ ಕಚ್ಕೊಂಡು ನೀರಿಗಿಳಿದ, ಫ್ಯಾನಿನ ಹಗ್ಗ ಕೊಯ್ಯೋಕೆ. ಅರ್ಧ ಕೊಯ್ದ. ಅಷ್ಟರಲ್ಲಿ ಕೈ ಮರಗಟ್ಟಿ ಚಾಕು ಬಿದ್ದುಹೋಯ್ತು. ಅವನನ್ನ ಎಳ್ಕೊಂಡೆ ಮೇಲೆ. ಒಣಬಟ್ಟೆ ಒಂದೂ ಇರಲಿಲ್ಲ."

ಡಿಂಪ್ನಾ ಕೋಲಿಯ ಮಣ್ಣಿಗೆ ಹೋದಳು. ಹೋಗದೆ ಇರಲು ಆಗುತ್ತದೆಯೇ? ಅದೇ ಸ್ಮಶಾನ, ಟ್ರೇಲರ್ ನಿಲ್ಲುವ ಗೋಡೆಯ ಆಚೆ ಬದಿ. ಅಟ್ರಾಕ್ಟಾ ಅವಳನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅಂತ ಡಿಂಪ್ನಾ ನನಗೆ ಅಂದಳು. ಅಟ್ರಾಕ್ಟಾ ಮಾಡಿದ್ದು ಒಂದೇ ಕೆಲಸ. ಮಾರನೇ ವಾರ ಮನೆಮನೆಗೂ ಹೋಗಿ ಒಂದು ಹೊಸ ಪದ್ಧತಿ ಹಾಕಿಸಿದಳು. ದೋಣಿ ಬಂದರೆ ಸಾಲದು. ದನಿ ಕೇಳಿದರೆ ಸಾಲದು. ಕಣ್ಣಿಗೆ ಕಂಡರೂ ಸಾಲದು. ಬಂದವರು ಕೈಗವಸು ತೆಗೆದು ಕೈ ಕೊಡಬೇಕು. ಪಾಳಿಯವರು ಆ ಕೈ ಹಿಡಿದು ನೋಡಬೇಕು. ಜೀವಂತ ಮನುಷ್ಯನ ಕೈ ಹೌದು ಅಂತ ಖಾತ್ರಿಯಾದ ಮೇಲೇ ಚೀಟಿ ಹರಿಯುವುದು.

ಈಗಲೂ ಹಾಗೇ ನಡೆಯುತ್ತದೆ. ಬೇಸಿಗೆಯಲ್ಲಿ ಹೊರಗಿನವರು ಬಂದರೆ ಅವರಿಗೆ ತಮಾಷೆ. ಇದೇನು, ದೋಣಿ ಎಳೆದರೆ ಮಂತ್ರಿಗಳ ಹಾಗೆ ಕೈಕುಲುಕುತ್ತಾರೆ ಅಂತ ನಗುತ್ತಾರೆ. ನಾನೂ ಒಮ್ಮೆ ಅವರ ಜೊತೆ ದೋಣಿಯಲ್ಲಿ ಹೋಗಿ ಬಂದು ಅಟ್ರಾಕ್ಟಾಗೆ ಕೈ ಕೊಟ್ಟಿದ್ದೇನೆ. ಅವಳು ಬೇಗ ಬಿಡಲಿಲ್ಲ.

ಡಿಂಪ್ನಾ ಪಾಳಿಗೆ ಮತ್ತೆ ಹೋಗಲಿಲ್ಲ. ಅವಳ ಮನೆಯ ಸರದಿ ಬಂದ ದಿನ ಫೆಸ್ಟಿ ಹೋಗುತ್ತಾನೆ. ಒಲೆಯ ಮುಂದೆ ಕೂತ ಆ ರಾತ್ರಿ ನಾನು ಸಮಾಧಾನಕ್ಕೆಂದು ಏನೋ ಅಂದೆ. ಅಟ್ರಾಕ್ಟಾ ಒಳ್ಳೆಯ ಉಪಾಯ ಮಾಡಿದಳು, ಇನ್ನು ಮುಂದೆ ಯಾರಿಗೂ ಹಾಗಾಗುವುದಿಲ್ಲ ಬಿಡು, ಅಂದೆ.

ಡಿಂಪ್ನಾ ಒಲೆಯ ಬಾಗಿಲು ಮುಚ್ಚಿದಳು. ಮನೆಯಲ್ಲಿ ನಾವಿಬ್ಬರೇ ಇದ್ದರೂ ದನಿ ತಗ್ಗಿಸಿದಳು.

"ಅಟ್ರಾಕ್ಟಾಗೆ ನಾನಿದನ್ನ ಹೇಳಿಲ್ಲ ಕಣೇ. ಹೇಗೆ ಹೇಳಲಿ? ಅವಳು ಹಿಡ್ಕೊಂಡಿರೋದೇ ಅದೊಂದನ್ನ."

"ಏನದು?"

"ಆ ಸಂಜೆ... ಟ್ರೇಲರಿಂದ ಇಳಿಯುವಾಗ... ಅವರಲ್ಲೊಬ್ಬ ಕೈ ಚಾಚಿದ. ನಾನು ಹಿಡಿದು ಇಳಿಸಿದೆ."

"ತಣ್ಣಗಿತ್ತಾ?"

ಅವಳು ತಲೆಯಾಡಿಸಿದಳು. ಇಲ್ಲ ಅಂತ.

ನಂಬಿ, ಬಿಡಿ. ನಡೆದದ್ದು ನಡೆದದ್ದೇ, ಇದರಲ್ಲಿ ನಾನು ಒಂದಕ್ಷರ ಸೇರಿಸಿಲ್ಲ. ಅವಳು ತನ್ನ ಅಂಗೈ ನೋಡಿಕೊಳ್ಳುತ್ತಾ ಹೇಳಿದ್ದು ಇಷ್ಟೇ.

"ಬೆಚ್ಚಗಿತ್ತು. ಒಣಗಿತ್ತು. ಆಗ ತಾನೇ ಜೇಬಿಂದ ತೆಗೆದ ಹಾಗೆ."